ಸರಿಯಾದ ನೀತಿಯೂ ಬೀದಿಯಲ್ಲಿ ಸೋಲುವುದೇಕೆ? ಸರ್ಕಾರಗಳು ಎದುರಿಸುವ ಸವಾಲುಗಳ ಕುರಿತು ಒಂದು ಚರ್ಚೆ

ನೇರನೋಟ (ಚರ್ಚೆ ಆರಂಭಿಸಿದವರು)

ಇಂಧನ ಸಹಾಯಧನದ ಕಡಿತ, ನಿವೃತ್ತಿ ವಯಸ್ಸಿನ ಏರಿಕೆ, ಹೊಸ ತೆರಿಗೆ, ಹಳೆಯ ರಿಯಾಯಿತಿಯ ರದ್ದು ಮುಂತಾದ ನಿರ್ಧಾರಗಳಿಗೆ ಸರ್ಕಾರವೊಂದು ಕೈಹಾಕಿದಾಗಲೆಲ್ಲ ಎರಡು ವಿವರಣೆಗಳು ಮೊದಲೇ ಸಿದ್ಧವಾಗಿರುತ್ತವೆ. ಜನ ತಿರುಗಿಬಿದ್ದರೆ, ಅವರಿಗೆ ಅರ್ಥಶಾಸ್ತ್ರ ತಿಳಿಯದು ಎಂದು ಆಡಳಿತದ ಪರ ವಹಿಸುವವರು ಹೇಳುತ್ತಾರೆ. ಸರ್ಕಾರ ಹಿಂದೆ ಸರಿದರೆ, ನಾಯಕರಿಗೆ ಎದೆಗಾರಿಕೆ ಇಲ್ಲ ಎಂದು ಟೀಕಾಕಾರರು ಹೇಳುತ್ತಾರೆ. ನನಗೆ ಎರಡೂ ಒಪ್ಪಿಗೆಯಾಗುತ್ತಿಲ್ಲ. ಬೇರೆ ಬೇರೆ ದೇಶಗಳ ಅನುಭವಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ನೀತಿಯೊಂದು ಉಳಿಯುವುದೋ ಬೀಳುವುದೋ ಎಂಬುದನ್ನು ಅದರೊಳಗಿನ ಲೆಕ್ಕಾಚಾರಕ್ಕಿಂತ ಹೆಚ್ಚಾಗಿ ಅದು ಜನರನ್ನು ತಲುಪುವ ಕ್ರಮವೇ ನಿರ್ಧರಿಸುತ್ತದೆ ಎನಿಸುತ್ತದೆ. ಮೊದಲು ಮನೆಗೆ ಬರುವುದು ಭಾರವೋ, ಪರಿಹಾರವೋ ಎಂಬುದೇ ಮುಖ್ಯ ಪ್ರಶ್ನೆ.

ಇದಕ್ಕೆ ನನ್ನ ಮೊದಲ ಉದಾಹರಣೆ ಇರಾನ್. 2010ರ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಇಂಧನ ಮತ್ತು ಬ್ರೆಡ್ಡಿನ ಮೇಲಿನ ಸಹಾಯಧನವನ್ನು ಬಹುಮಟ್ಟಿಗೆ ತೆಗೆದುಹಾಕಿತು. ಪಡಿತರ ಪೆಟ್ರೋಲಿನ ಬೆಲೆ ಲೀಟರಿಗೆ 1,000 ರಿಯಾಲ್‌ನಿಂದ 4,000 ರಿಯಾಲ್‌ಗೆ ಏರಿತು. ಇಷ್ಟು ದೊಡ್ಡ ಏರಿಕೆಗೆ ದೇಶ ಹೊತ್ತಿ ಉರಿಯಬೇಕಿತ್ತು, ಆದರೆ ಹಾಗಾಗಲಿಲ್ಲ. ಬೆಲೆ ಏರುವುದಕ್ಕೆ ವಾರಗಳ ಮುಂಚೆಯೇ ಪ್ರತಿಯೊಬ್ಬರ ಲೆಕ್ಕಕ್ಕೆ ತಿಂಗಳಿಗೆ 4,55,000 ರಿಯಾಲ್‌ನಂತೆ ಹಣವನ್ನು ಕುಟುಂಬಗಳ ಬ್ಯಾಂಕ್ ಖಾತೆಗಳಿಗೆ ಜಮಾ ಮಾಡಲಾಗಿತ್ತು. ಹಣ ಖಾತೆಯಲ್ಲಿ ಕಾಣುತ್ತಿತ್ತು, ಆದರೆ ಬೆಲೆ ಏರುವ ದಿನದವರೆಗೆ ತೆಗೆಯುವಂತಿರಲಿಲ್ಲ.

ಅದೇ ದೇಶದಲ್ಲಿ 2019ರ ನವೆಂಬರ್‌ನಲ್ಲಿ ಪೆಟ್ರೋಲ್ ಬೆಲೆಯನ್ನು ರಾತ್ರೋರಾತ್ರಿ ಏರಿಸಲಾಯಿತು. ತಿಂಗಳ ಮೊದಲ 60 ಲೀಟರಿಗೆ ಶೇಕಡಾ 50ರಷ್ಟು, ಅದರಾಚೆಗೆ ಮೂರು ಪಟ್ಟು. ಬಂದ ಆದಾಯವನ್ನು ಸುಮಾರು 6 ಕೋಟಿ ಜನರಿಗೆ ಹಂಚುವುದಾಗಿ ಸರ್ಕಾರ ಆ ಬಾರಿಯೂ ಹೇಳಿತ್ತು, ಕೆಲವೇ ದಿನಗಳಲ್ಲಿ ಹಂಚಲು ಶುರುವನ್ನೂ ಮಾಡಿತು. ಅಷ್ಟರಲ್ಲಿ ನಗರದಿಂದ ನಗರಕ್ಕೆ ಪ್ರತಿಭಟನೆ ಹರಡಿ, ಇಂಟರ್ನೆಟ್ ಕಡಿತವಾಗಿ, ಗುಂಡು ಹಾರಿ, 300ಕ್ಕೂ ಹೆಚ್ಚು ಜನ ಸತ್ತಿದ್ದರೆಂದು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ದಾಖಲಿಸಿದೆ. ಎರಡೂ ಸಲ ಪರಿಹಾರದ ಮಾತು ಇತ್ತು. ಮೊದಲ ಸಲ ಅದು ಬೆಲೆಗಿಂತ ಮುಂಚೆ ಬಂದಿತ್ತು, ಎರಡನೆಯ ಸಲ ಬೆಲೆ ಏರಿದ ಮೇಲೆ ಬಂದಿತು.

ಫ್ರಾನ್ಸಿನಲ್ಲಿ 2018ರ ನವೆಂಬರ್ 17ರಂದು ಆರಂಭವಾದ ಹಳದಿ ಅಂಗಿಯವರ ಚಳವಳಿಯನ್ನೂ ಇದೇ ಬೆಳಕಿನಲ್ಲಿ ನೋಡಬಹುದು. 2019ರ ಜನವರಿಯಿಂದ ಡೀಸೆಲ್ ಮೇಲೆ ಲೀಟರಿಗೆ 6.5 ಸೆಂಟ್, ಪೆಟ್ರೋಲ್ ಮೇಲೆ 2.9 ಸೆಂಟ್ ತೆರಿಗೆ ಏರಬೇಕಿತ್ತು. ಹವಾಮಾನದ ದೃಷ್ಟಿಯಿಂದ ಅದನ್ನು ಸಮರ್ಥಿಸುವವರು ಅನೇಕರಿದ್ದರು. ಆದರೆ 2018ರ ಆರಂಭದಲ್ಲೇ ಸರ್ಕಾರ ಶ್ರೀಮಂತರ ಮೇಲಿನ ಸಂಪತ್ತು ತೆರಿಗೆಯನ್ನು ಕೇವಲ ಸ್ಥಿರಾಸ್ತಿಗೆ ಸೀಮಿತಗೊಳಿಸಿತ್ತು. ಊರಿಂದೂರಿಗೆ ಕಾರಿನಲ್ಲೇ ಓಡಾಡಬೇಕಾದ ಜನರಿಗೆ ಈ ಎರಡು ನಿರ್ಧಾರಗಳು ಒಟ್ಟಿಗೆ ಕಂಡವು. ಡಿಸೆಂಬರ್ ಮೊದಲ ವಾರದಲ್ಲಿ ಸರ್ಕಾರ ಆ ಏರಿಕೆಯನ್ನು ಕೈಬಿಟ್ಟಿತು.

ನಿಮ್ಮೆಲ್ಲರ ಅಭಿಪ್ರಾಯ ತಿಳಿಯಲು ಬಯಸುತ್ತೇನೆ. ಇದಕ್ಕೆ ವಿರುದ್ಧವಾದ ಉದಾಹರಣೆಗಳಿದ್ದರೆ ಅವು ಇನ್ನೂ ಹೆಚ್ಚು ಬೇಕು.

ಕಡತಪ್ರಿಯ

ನೇರನೋಟ ಅವರೇ, ಪ್ರಶ್ನೆ ಮುಖ್ಯವಾದದ್ದು, ಆದರೆ ಇರಾನಿನ ಉದಾಹರಣೆಯ ಮೇಲೆ ಇಷ್ಟು ಭಾರ ಹಾಕಬಾರದು. 2009ರ ಚುನಾವಣೆಯ ನಂತರ ಅಲ್ಲಿ ನಡೆದ ದಮನವನ್ನು ಕಂಡ ಜನ ಮರುವರ್ಷವೇ ಸುಮ್ಮನಿದ್ದರೆ, ಆ ಮೌನವನ್ನು ಒಪ್ಪಿಗೆ ಎಂದು ಕರೆಯುವ ಮುನ್ನ ಯೋಚಿಸಬೇಕಾಗುತ್ತದೆ. ಚುನಾವಣೆಯನ್ನು ಎದುರಿಸಿ ಮತ್ತೆ ಗೆಲ್ಲಬೇಕಾದ ಸರ್ಕಾರಗಳ ಉದಾಹರಣೆ ಇದಕ್ಕಿಂತ ಹೆಚ್ಚು ಕಲಿಸುತ್ತದೆ. ಆ ದೃಷ್ಟಿಯಿಂದ ನಾನು ಇಂಡೋನೇಷ್ಯಾವನ್ನು ಮುಂದಿಡುತ್ತೇನೆ.

2005ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಯುಧೋಯೊನೊ ಅವರ ಸರ್ಕಾರ ಇಂಧನ ಬೆಲೆಯನ್ನು ಒಂದೇ ಏಟಿಗೆ ಸರಾಸರಿ ದುಪ್ಪಟ್ಟಿಗಿಂತ ಹೆಚ್ಚಿಸಿತು. ಜೊತೆಗೇ ಬಡ ಕುಟುಂಬಗಳಿಗೆ ಅಲ್ಲಿನ ನಾಣ್ಯದಲ್ಲಿ ತಿಂಗಳಿಗೆ 1 ಲಕ್ಷ ರುಪಿಯಾದಂತೆ, ಮೂರು ತಿಂಗಳದ್ದನ್ನು ಒಟ್ಟಿಗೆ ಅಂಚೆ ಕಚೇರಿಗಳ ಮೂಲಕ ಕೊಡಲಾಯಿತು. ಮೊದಲು ಸುಮಾರು 1.55 ಕೋಟಿ ಕುಟುಂಬಗಳಿಗೆಂದು ಯೋಜಿಸಿದ್ದು ಬೆಳೆದು 1.9 ಕೋಟಿಯಷ್ಟಾಯಿತು. ಆ ಬೆಳವಣಿಗೆಯಲ್ಲೇ ಆಡಳಿತದ ನಿಜವಾದ ಕಷ್ಟ ಕಾಣುತ್ತದೆ. ಪಟ್ಟಿಯನ್ನು ಕೆಲವೇ ತಿಂಗಳಲ್ಲಿ ತಯಾರಿಸಬೇಕಾಗಿತ್ತು. ಅರ್ಹರು ಬಿಟ್ಟುಹೋದರು, ಅರ್ಹರಲ್ಲದವರು ಸೇರಿಕೊಂಡರು. ಹೆಸರು ಬಿಟ್ಟುಹೋದವರು ರಾಜಧಾನಿಗೆ ಹೋಗಿ ಮಂತ್ರಿಯನ್ನು ಕೇಳಲಿಲ್ಲ. ಹಳ್ಳಿಯ ಮುಖ್ಯಸ್ಥನ ಮನೆಯ ಮುಂದೆ, ಅಂಕಿಅಂಶ ಇಲಾಖೆಯ ಸ್ಥಳೀಯ ಕಚೇರಿಯ ಮುಂದೆ ಜಗಳಕ್ಕೆ ನಿಂತರು. ಇಷ್ಟಾದರೂ ಬೆಲೆ ನಿಂತಿತು, ಸರ್ಕಾರವೂ ಉಳಿಯಿತು. 2009ರ ಚುನಾವಣೆಯಲ್ಲಿ ಯುಧೋಯೊನೊ ಮೊದಲ ಸುತ್ತಿನಲ್ಲೇ ಶೇಕಡಾ 60ರಷ್ಟು ಮತ ಪಡೆದು ಮರಳಿ ಗೆದ್ದರು. ಅಷ್ಟರೊಳಗೆ ಜಾಗತಿಕ ತೈಲಬೆಲೆ ಇಳಿದು, ಚುನಾವಣೆಗೆ ಮುನ್ನ ಇಂಧನ ಬೆಲೆಯನ್ನು ತಗ್ಗಿಸಲಾಗಿತ್ತು ಎಂಬುದನ್ನೂ ಸೇರಿಸಿ ಹೇಳಬೇಕು.

ಫಲಾನುಭವಿಗಳ ಪಟ್ಟಿ ಮಾಡುವ ಕೆಲಸದಲ್ಲಿ ಬಹಳ ವರ್ಷ ಕಳೆದವನಾಗಿ ನನ್ನ ಅನಿಸಿಕೆಯನ್ನು ಹೇಳುತ್ತೇನೆ. ಮೊದಲು ಪರಿಹಾರ, ಆಮೇಲೆ ಭಾರ ಎಂದು ಬರೆಯುವುದು ಸುಲಭ. ಆದರೆ ಪರಿಹಾರವನ್ನು ಮೊದಲು ತಲುಪಿಸಬೇಕಾದರೆ, ಯಾರಿಗೆ ಎಂಬುದು ಅದಕ್ಕೂ ಮೊದಲು ಗೊತ್ತಿರಬೇಕು. ಬಹಳಷ್ಟು ಸರ್ಕಾರಗಳು ಆ ಕ್ರಮವನ್ನು ತಪ್ಪಿಸುವುದು ದುರುದ್ದೇಶದಿಂದ ಎಂದು ನನಗೆ ಅನಿಸಿಲ್ಲ. ಅವುಗಳ ಬಳಿ ಪಟ್ಟಿಯೇ ಇರುವುದಿಲ್ಲ, ಖಜಾನೆ ಮಾತ್ರ ಅವಸರ ಮಾಡುತ್ತಿರುತ್ತದೆ.

ಉತ್ತರಾಯಣ

ನೇರನೋಟ ಅವರು ವಿರುದ್ಧ ಉದಾಹರಣೆ ಕೇಳಿದ್ದಾರೆ. ಕೆನಡಾ ಇದೆ.

2019ರಲ್ಲಿ ಅಲ್ಲಿನ ಒಕ್ಕೂಟ ಸರ್ಕಾರ ಇಂಧನ ಸುಟ್ಟಾಗ ಹೊರಬರುವ ಇಂಗಾಲದ ಮೇಲೆ ಟನ್ನಿಗೆ 20 ಡಾಲರ್ ದರ ನಿಗದಿ ಮಾಡಿತು; ಅದು ವರ್ಷವರ್ಷ ಏರಿ 2024ರ ಏಪ್ರಿಲ್‌ನಲ್ಲಿ 80 ಡಾಲರ್ ತಲುಪಿತು. ಬಂದ ಹಣದ ಬಹುಭಾಗವನ್ನು ಕುಟುಂಬಗಳಿಗೇ ಮರಳಿಸಲಾಗುತ್ತಿತ್ತು. ನೇರ ಲೆಕ್ಕದಲ್ಲಿ ಬಹುಪಾಲು ಕುಟುಂಬಗಳು ತೆತ್ತದ್ದಕ್ಕಿಂತ ಹೆಚ್ಚನ್ನೇ ಮರಳಿ ಪಡೆಯುತ್ತವೆ ಎಂದು ಸಂಸತ್ತಿನ ಬಜೆಟ್ ಅಧಿಕಾರಿಯ ವರದಿಯೂ ಹೇಳಿತು. ಅಂದರೆ ಪರಿಹಾರ ಇತ್ತು, ಭಾರಕ್ಕಿಂತ ಹೆಚ್ಚೇ ಇತ್ತು. ಫಲಿತಾಂಶವೇನಾಯಿತು? 2023ರ ಅಕ್ಟೋಬರ್‌ನಲ್ಲಿ ಮನೆ ಬಿಸಿಮಾಡುವ ತೈಲಕ್ಕೆ ವಿನಾಯಿತಿ ಕೊಡಬೇಕಾಯಿತು. ಆ ವಿನಾಯಿತಿಯಿಂದ ಅಟ್ಲಾಂಟಿಕ್ ಪ್ರಾಂತ್ಯಗಳಿಗೆ ಹೆಚ್ಚು ಲಾಭವಾದ್ದರಿಂದ ಉಳಿದ ಪ್ರಾಂತ್ಯಗಳು ನಮಗೇಕಿಲ್ಲ ಎಂದು ಕೇಳಿದವು. 2025ರ ಏಪ್ರಿಲ್ 1ರಿಂದ ಗ್ರಾಹಕರ ಮೇಲಿನ ಆ ದರವನ್ನೇ ಶೂನ್ಯಕ್ಕಿಳಿಸಲಾಯಿತು, ಅದೂ ದರವನ್ನು ಜಾರಿಗೆ ತಂದಿದ್ದ ಪಕ್ಷದ್ದೇ ಹೊಸ ಪ್ರಧಾನಿಯ ಕೈಯಿಂದ. 2008ರಿಂದ ಇಂಗಾಲ ತೆರಿಗೆಯನ್ನು ನಡೆಸಿಕೊಂಡು ಬಂದಿದ್ದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯವೂ ಅದೇ ದಿನ ಅದನ್ನು ನಿಲ್ಲಿಸಿತು.

ಪರಿಹಾರವೇ ಕೀಲಿಕೈ ಆಗಿದ್ದರೆ ಕೆನಡಾದಲ್ಲಿ ಬಾಗಿಲು ತೆರೆಯಬೇಕಿತ್ತು.

ನೇರನೋಟ

ಉತ್ತರಾಯಣ ಅವರ ಉದಾಹರಣೆ ನನ್ನ ವಾದಕ್ಕೆ ಬಿದ್ದ ನಿಜವಾದ ಪೆಟ್ಟು. ಆದ್ದರಿಂದ ವಾದವನ್ನು ಇನ್ನಷ್ಟು ಬಿಗಿಗೊಳಿಸಿ ಹೇಳಬೇಕಾಗಿದೆ.

ಕೆನಡಾದಲ್ಲಿ ಮರುಪಾವತಿ ಮೊದಲ ಕೆಲವು ವರ್ಷ ವಾರ್ಷಿಕ ಆದಾಯ ತೆರಿಗೆಯ ಲೆಕ್ಕದೊಳಗೆ ಸೇರಿಹೋಗಿತ್ತು. 2022ರ ಜುಲೈನಿಂದ ಮಾತ್ರ ಮೂರು ತಿಂಗಳಿಗೊಮ್ಮೆ ಖಾತೆಗೆ ಬರತೊಡಗಿತು. ಆಗಲೂ ಬ್ಯಾಂಕಿನ ಪಟ್ಟಿಯಲ್ಲಿ ಅದು ಯಾವುದರ ಹಣ ಎಂದು ಎಲ್ಲರಿಗೂ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. 2024ರಲ್ಲಿ ಅದರ ಹೆಸರನ್ನು ಬದಲಿಸಿ ತಿಳಿಯಾಗಿಸುವ ಪ್ರಯತ್ನ ನಡೆಯುವಷ್ಟರಲ್ಲಿ ವಿರೋಧ ಬೇರೂರಿಯಾಗಿತ್ತು. ಇನ್ನೊಂದು ಕಡೆ ಪೆಟ್ರೋಲ್ ಬಂಕಿನ ಫಲಕದ ಮೇಲಿನ ಬೆಲೆ ಪ್ರತಿದಿನ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಸಾಂಕ್ರಾಮಿಕದ ನಂತರ ಏರಿದ ಸಾಮಾನ್ಯ ಹಣದುಬ್ಬರವೂ ಆ ಫಲಕದ ಲೆಕ್ಕಕ್ಕೇ ಸೇರಿತು. ಹೀಗಾಗಿ ಪರಿಹಾರ ಇದ್ದರೆ ಸಾಲದು, ಭಾರ ಕಾಣುವಷ್ಟೇ ಸ್ಪಷ್ಟವಾಗಿ ಅದೂ ಕಾಣಬೇಕು ಎಂದು ನಾನು ಈಗ ಹೇಳುತ್ತೇನೆ.

ಕಾಣುವುದರ ಮಹತ್ವಕ್ಕೆ ನಗರಾಡಳಿತದಿಂದ ಒಂದು ಜೋಡಿ ಉದಾಹರಣೆ ಕೊಡಬಹುದು. ಎಡಿನ್‌ಬರೋ ನಗರ ವಾಹನ ದಟ್ಟಣೆ ಶುಲ್ಕದ, ಅಂದರೆ ನಗರದೊಳಗೆ ವಾಹನ ತರುವವರಿಂದ ಹಣ ಪಡೆಯುವ ಯೋಜನೆಯನ್ನು 2005ರ ಫೆಬ್ರುವರಿಯಲ್ಲಿ ಜನಮತಕ್ಕೆ ಹಾಕಿತು. ಸುಮಾರು ಮುಕ್ಕಾಲು ಪಾಲು ಜನ ಬೇಡವೆಂದರು, ಯೋಜನೆ ಅಲ್ಲಿಗೇ ಮುಗಿಯಿತು. ಸ್ಟಾಕ್‌ಹೋಮ್ ಬೇರೆ ದಾರಿ ಹಿಡಿಯಿತು. 2006ರ ಜನವರಿಯಿಂದ ಜುಲೈವರೆಗೆ ಶುಲ್ಕವನ್ನು ಪ್ರಾಯೋಗಿಕವಾಗಿ ಜಾರಿಗೊಳಿಸಿ, ಆಮೇಲೆ ನಿಲ್ಲಿಸಿ, ಸೆಪ್ಟೆಂಬರ್‌ನಲ್ಲಿ ಜನರ ಮತ ಕೇಳಿತು. ಶುಲ್ಕ ಆರಂಭವಾಗುವ ಮೊದಲು ಅಲ್ಲಿಯೂ ವಿರೋಧವೇ ಹೆಚ್ಚಾಗಿತ್ತು. ಆದರೆ ಆ ಏಳು ತಿಂಗಳಲ್ಲಿ ಶುಲ್ಕ ವಲಯದ ಗಡಿರೇಖೆ ದಾಟುವ ವಾಹನಗಳು ಸುಮಾರು ಶೇಕಡಾ 20ರಷ್ಟು ಕಡಿಮೆಯಾದುದನ್ನು ಜನ ತಾವೇ ಅನುಭವಿಸಿದ್ದರು. ಹೆಚ್ಚುವರಿ ಬಸ್ಸುಗಳಂತೂ ಶುಲ್ಕಕ್ಕೂ ಮುಂಚೆ, 2005ರಲ್ಲೇ ಓಡಲಾರಂಭಿಸಿದ್ದವು. ನಗರದ ಮತದಾರರಲ್ಲಿ ಸಣ್ಣ ಬಹುಮತ ಒಪ್ಪಿತು, 2007ರ ಆಗಸ್ಟ್‌ನಿಂದ ಶುಲ್ಕ ಕಾಯಂ ಆಯಿತು, ಬೆಂಬಲ ವರ್ಷ ಕಳೆದಂತೆ ಹೆಚ್ಚಿತು. ಎಡಿನ್‌ಬರೋದ ಜನ ಕಾಣದ ಲಾಭಕ್ಕೆ ಕಾಣುವ ಶುಲ್ಕ ಕೊಡಬೇಕೇ ಎಂಬ ಪ್ರಶ್ನೆಗೆ ಉತ್ತರಿಸಿದರು. ಸ್ಟಾಕ್‌ಹೋಮಿನವರಿಗೆ ಎರಡೂ ಕಂಡಿದ್ದವು.

ಸಾಕ್ಷಿಪ್ರಜ್ಞೆ

ಚರ್ಚೆ ಈವರೆಗೆ ಸರ್ಕಾರ ಕೊಡುವ ಹಣದ ಸುತ್ತ ನಡೆದಿದೆ. ಆ ಮಾತನ್ನು ಜನ ನಂಬುತ್ತಾರೋ ಇಲ್ಲವೋ ಎಂಬ ಪ್ರಶ್ನೆ ಅದಕ್ಕಿಂತ ಹಿಂದಿನದು, ಮತ್ತು ಆ ನಂಬಿಕೆ ಯಾವುದೋ ದೊಡ್ಡ ಸುಧಾರಣೆಯ ದಿನ ಹುಟ್ಟುವುದಿಲ್ಲ. ಕಚೇರಿಯ ಒಂದು ಪತ್ರ, ತಪ್ಪಾಗಿ ಬಂದ ಒಂದು ನೋಟಿಸು, ಉತ್ತರ ಬಾರದ ಒಂದು ಮನವಿ, ಇವುಗಳಲ್ಲಿ ಅದು ಕಟ್ಟಿಕೊಳ್ಳುತ್ತದೆ ಅಥವಾ ಕುಸಿಯುತ್ತದೆ. ಶ್ರೀಮಂತವಾದ, ಸಮರ್ಥ ಆಡಳಿತವುಳ್ಳ ಎರಡು ದೇಶಗಳು ತಮ್ಮ ಬಡ ಪ್ರಜೆಗಳನ್ನೇ ಹೇಗೆ ಹಿಂಸಿಸಿದವು ಎಂಬುದನ್ನು ನಾವು ಮರೆಯಬಾರದು.

ಆಸ್ಟ್ರೇಲಿಯಾದಲ್ಲಿ ರೋಬೋಡೆಟ್ ಎಂದು ಹೆಸರಾದ ಯೋಜನೆ ಹೀಗೆ ನಡೆಯಿತು. ಕಲ್ಯಾಣ ಭತ್ಯೆ ಪಡೆದವರ ವಾರ್ಷಿಕ ಆದಾಯವನ್ನು ತೆರಿಗೆ ಇಲಾಖೆಯಿಂದ ತಂದು, ಅದನ್ನು ವರ್ಷದ ಎರಡೆರಡು ವಾರಗಳ 26 ಅವಧಿಗಳಿಗೆ ಸಮನಾಗಿ ಹಂಚಿ, ಅವರು ಆಗ ಘೋಷಿಸಿದ್ದ ಆದಾಯದೊಂದಿಗೆ ಕಂಪ್ಯೂಟರ್ ಹೋಲಿಸುತ್ತಿತ್ತು. ಆರು ತಿಂಗಳು ದುಡಿದು ಆರು ತಿಂಗಳು ಕೆಲಸವಿಲ್ಲದೆ ಭತ್ಯೆ ಪಡೆದವರು, ಈ ಸರಾಸರಿಯ ಪ್ರಕಾರ, ಕೆಲಸವಿಲ್ಲದ ತಿಂಗಳಲ್ಲೂ ದುಡಿದಂತೆ ಕಾಣುತ್ತಿದ್ದರು. ಅಷ್ಟರಿಂದಲೇ ಸಾಲಗಾರರೆಂದು ನೋಟಿಸು ಹೋಗುತ್ತಿತ್ತು, ಸಾಲವಿಲ್ಲವೆಂದು ಸಾಬೀತುಪಡಿಸುವ ಹೊಣೆಯೂ ಅವರದೇ. ಎಷ್ಟೋ ವರ್ಷ ಹಳೆಯ ಸಂಬಳದ ಚೀಟಿಗಳನ್ನು ಜನ ಎಲ್ಲಿಂದ ತರಬೇಕು? ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಮೇಲೆ 170 ಕೋಟಿ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚಿನ ಅಕ್ರಮ ಸಾಲವನ್ನು ಹೊರಿಸಲಾಗಿತ್ತು. 2023ರ ಜುಲೈನಲ್ಲಿ ರಾಯಲ್ ಆಯೋಗದ ವರದಿ ಇದನ್ನು ಒರಟು ಮತ್ತು ಕ್ರೂರವಾದ ವ್ಯವಸ್ಥೆಯೆಂದೂ, ನ್ಯಾಯವೂ ಅಲ್ಲದ ಕಾನೂನುಬದ್ಧವೂ ಅಲ್ಲದ ಕ್ರಮವೆಂದೂ ಹೇಳಿತು.

ನೆದರ್ಲ್ಯಾಂಡ್ಸಿನಲ್ಲಿ ಮಕ್ಕಳ ಪಾಲನೆಯ ಭತ್ಯೆ ಪಡೆದ ಸಾವಿರಾರು ಹೆತ್ತವರನ್ನು ತೆರಿಗೆ ಇಲಾಖೆ ವಂಚಕರೆಂದು ಎಣಿಸಿತು. ಸಣ್ಣಪುಟ್ಟ ಕಾಗದದ ಲೋಪಕ್ಕೂ ಇಡೀ ಭತ್ಯೆಯನ್ನು ಹಿಂದಿರುಗಿಸುವಂತೆ ಕೇಳಿತು. ದ್ವಿಪೌರತ್ವವನ್ನು ಅನುಮಾನದ ಗುರುತಾಗಿ ಬಳಸಲಾಗಿತ್ತು. ಮನೆಗಳು ಹೋದವು, ಸಂಸಾರಗಳು ಒಡೆದವು. 2021ರ ಜನವರಿಯಲ್ಲಿ ಪ್ರಧಾನಿ ರುಟ್ಟೆ ಅವರ ಸಂಪುಟ ಈ ಹೊಣೆಯನ್ನು ಹೊತ್ತು ರಾಜೀನಾಮೆ ಕೊಟ್ಟಿತು, ಎರಡು ತಿಂಗಳ ನಂತರದ ಚುನಾವಣೆಯಲ್ಲಿ ಅವರದೇ ಪಕ್ಷ ಮತ್ತೆ ಮೊದಲ ಸ್ಥಾನಕ್ಕೆ ಬಂದಿತು. ರಾಜಕೀಯವಾಗಿ ಅದು ಮುಗಿದ ಪ್ರಕರಣ ಎನಿಸಬಹುದು. ಆದರೆ ಆ ಹೆತ್ತವರಿಗೆ ಮುಂದೊಮ್ಮೆ ಸರ್ಕಾರ ನಿಮ್ಮ ಖಾತೆಗೆ ಪರಿಹಾರ ಬರುತ್ತದೆ ಎಂದರೆ, ಅವರು ಅದನ್ನು ಹೇಗೆ ಕೇಳಿಸಿಕೊಳ್ಳುತ್ತಾರೆ? ಕಡತಪ್ರಿಯ ಅವರು ಹೇಳಿದ ಪಟ್ಟಿ ಈ ಎರಡೂ ಸರ್ಕಾರಗಳ ಬಳಿ ಇತ್ತು. ಪಟ್ಟಿಯನ್ನು ಹಿಡಿದವರು ಅದರಲ್ಲಿನ ಹೆಸರುಗಳನ್ನು ಯಾವ ಕಣ್ಣಿನಿಂದ ನೋಡುತ್ತಾರೆ ಎಂಬುದರಲ್ಲಿ ದೋಷವಿತ್ತು.

ಮಿತವಾಣಿ

ಒಂದು ಪ್ರಶ್ನೆ. ಪರಿಹಾರ ಕೊಡಲು ಖಜಾನೆಯಲ್ಲಿ ಹಣವೇ ಇಲ್ಲದ ಸರ್ಕಾರ ಏನು ಮಾಡಬೇಕು? ಇಲ್ಲಿ ಹೇಳಿದ ಉದಾಹರಣೆಗಳಲ್ಲಿ ಹೆಚ್ಚಿನವು ಕೊಡಲು ಏನಾದರೂ ಇದ್ದ ದೇಶಗಳವು. ಸಾಲಗಾರರು ಬಾಗಿಲಲ್ಲಿ ನಿಂತಿರುವಾಗ ಮೊದಲು ಪರಿಹಾರ ಎಂಬ ಮಾತಿಗೆ ಅರ್ಥವಿದೆಯೇ?

ಅಂಕಣಗಾರ

ಮಿತವಾಣಿ ಅವರ ಪ್ರಶ್ನೆಯಲ್ಲಿ ಈ ಇಡೀ ವಿಷಯದ ಅತ್ಯಂತ ಕಠಿಣ ಭಾಗವಿದೆ. ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಕೀನ್ಯಾದ ಸರ್ಕಾರ 2024ರ ಹಣಕಾಸು ಮಸೂದೆಯ ಮೂಲಕ ಸುಮಾರು 34,600 ಕೋಟಿ ಶಿಲಿಂಗ್‌ನಷ್ಟು ಹೆಚ್ಚುವರಿ ಆದಾಯ ಎತ್ತಲು ಹೊರಟಿತ್ತು. ಹಿಂದಿನ ವರ್ಷವಷ್ಟೇ ಇಂಧನದ ಮೇಲಿನ ಮೌಲ್ಯವರ್ಧಿತ ತೆರಿಗೆಯನ್ನು ಶೇಕಡಾ 8ರಿಂದ 16ಕ್ಕೆ ಏರಿಸಲಾಗಿತ್ತು, ಸಂಬಳದಿಂದ ವಸತಿ ನಿಧಿಗೆಂದು ಶೇಕಡಾ 1.5 ಕಡಿತವೂ ಶುರುವಾಗಿತ್ತು. ಜೂನ್ 25ರಂದು ಸಂಸತ್ತು ಮಸೂದೆಯನ್ನು ಅಂಗೀಕರಿಸಿದಾಗ ಯುವಜನರು ಸಂಸತ್ ಭವನದೊಳಗೇ ನುಗ್ಗಿದರು, ಪೊಲೀಸರ ಗುಂಡಿಗೆ ಜನ ಸತ್ತರು. ಮರುದಿನ ಅಧ್ಯಕ್ಷ ರುಟೊ ಸಹಿ ಹಾಕುವುದಿಲ್ಲವೆಂದರು, ಜುಲೈನಲ್ಲಿ ಬಹುತೇಕ ಇಡೀ ಸಂಪುಟವನ್ನು ವಜಾ ಮಾಡಿದರು. ತೆರಿಗೆ ಹೋಯಿತು, ಸಾಲ ಉಳಿಯಿತು. ಇಂತಹ ಸರ್ಕಾರ ಇಬ್ಬರಿಗೆ ಉತ್ತರ ಕೊಡಬೇಕು: ಮತ ಹಾಕುವವರಿಗೆ ಮತ್ತು ಸಾಲ ಕೊಟ್ಟವರಿಗೆ. ಸಾಲ ಕೊಟ್ಟವರು ಕಂತಿನ ದಿನಾಂಕ ಬಿಟ್ಟುಕೊಡುವುದಿಲ್ಲ. ಮತದಾರರಿಗೆ ಐದು ವರ್ಷಕ್ಕೊಮ್ಮೆ ಮಾತ್ರ ಸರದಿ ಬರುವುದರಿಂದ ಮೊದಲು ಅವರ ತಾಳ್ಮೆಯನ್ನೇ ಖರ್ಚು ಮಾಡಲಾಗುತ್ತದೆ.

ಆದರೆ ಖಜಾನೆ ಬರಿದಾಗುವುದು ಸ್ವತಃ ಒಂದು ರಾಜಕೀಯ ನಿರ್ಧಾರದ ಫಲವಾಗಿರಬಹುದು. ಶ್ರೀಲಂಕಾದಲ್ಲಿ 2019ರ ಕೊನೆಯಲ್ಲಿ ಅಧಿಕಾರಕ್ಕೆ ಬಂದ ಸರ್ಕಾರ ಮೌಲ್ಯವರ್ಧಿತ ತೆರಿಗೆಯನ್ನು ಶೇಕಡಾ 15ರಿಂದ 8ಕ್ಕೆ ಇಳಿಸಿತು, ಇತರ ತೆರಿಗೆಗಳನ್ನೂ ಕಡಿತಗೊಳಿಸಿತು. ಸಾಂಕ್ರಾಮಿಕ ಬಂದು ಪ್ರವಾಸೋದ್ಯಮ ನಿಂತಿತು. 2021ರ ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಷೇಧಿಸಲಾಯಿತು. ರೈತರಿಗೆ ಪರ್ಯಾಯ ಗೊಬ್ಬರವೂ ಸಿದ್ಧವಿರಲಿಲ್ಲ, ಸಮಯವೂ ಕೊಡಲಿಲ್ಲ. ಇಳುವರಿ ಕುಸಿದು, ನವೆಂಬರ್‌ನಲ್ಲಿ ನಿಷೇಧ ಹಿಂತೆಗೆಯುವಷ್ಟರಲ್ಲಿ ಒಂದು ಬೆಳೆಯ ಕಾಲ ಕಳೆದುಹೋಗಿತ್ತು. 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲದ ಮರುಪಾವತಿ ನಿಂತಿತು, ಜುಲೈನಲ್ಲಿ ಅಧ್ಯಕ್ಷ ಗೋಟಬಯ ರಾಜಪಕ್ಸ ದೇಶ ಬಿಟ್ಟರು. ತೆರಿಗೆ ಇಳಿಕೆ ಜನಪ್ರಿಯವೇ ಆಗಿತ್ತು. ಕಾಣುವ ಲಾಭ ಮೊದಲು, ಕಾಣದ ಭಾರ ಆಮೇಲೆ ಎಂಬ ಕ್ರಮದ ಕೆಟ್ಟ ರೂಪ ಇದು. ನೇರನೋಟ ಅವರ ಸೂತ್ರವನ್ನು ಎಚ್ಚರವಿಲ್ಲದೆ ಹಿಡಿದರೆ ಇಲ್ಲಿಗೂ ತಲುಪಬಹುದು ಎಂಬ ಆತಂಕ ನನಗಿದೆ.

ಬ್ರಿಟನ್ನಿನಂತಹ ದೇಶಕ್ಕೂ ಈ ಪಾಠ ತಪ್ಪಲಿಲ್ಲ. 2022ರ ಸೆಪ್ಟೆಂಬರ್ 23ರಂದು ಅಲ್ಲಿ ಸುಮಾರು 4,500 ಕೋಟಿ ಪೌಂಡಿನ ತೆರಿಗೆ ಕಡಿತ ಘೋಷಣೆಯಾಯಿತು, ಹಣ ಎಲ್ಲಿಂದ ಎಂಬ ಲೆಕ್ಕವನ್ನು ಜೊತೆಗೆ ಕೊಡಲಿಲ್ಲ. ಸರ್ಕಾರಿ ಸಾಲಪತ್ರಗಳ ಬೆಲೆ ಕುಸಿದು, ಪಿಂಚಣಿ ನಿಧಿಗಳು ಸಂಕಟಕ್ಕೆ ಸಿಲುಕಿ, ಐದೇ ದಿನಗಳಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಮಧ್ಯಪ್ರವೇಶಿಸಬೇಕಾಯಿತು. ಅಕ್ಟೋಬರ್ 20ರಂದು ಪ್ರಧಾನಿ ಲಿಜ್ ಟ್ರಸ್ ರಾಜೀನಾಮೆ ಘೋಷಿಸಿದರು.

ಇನ್ನು ಮಿತವಾಣಿ ಅವರ ಪ್ರಶ್ನೆಗೆ ನೇರ ಉತ್ತರ. ಹಣವಿಲ್ಲದ ಸರ್ಕಾರದ ಬಳಿಯೂ ಎರಡು ಸಂಗತಿಗಳಿರುತ್ತವೆ. ಒಂದು, ಸಮಯದ ಆಯ್ಕೆ: ಇಂಡೋನೇಷ್ಯಾದಲ್ಲಿ ಅಧ್ಯಕ್ಷ ಜೋಕೊ ವಿಡೋಡೊ 2015ರ ಜನವರಿಯಲ್ಲಿ ಪೆಟ್ರೋಲ್ ಸಹಾಯಧನವನ್ನು ತೆಗೆದದ್ದು ಜಾಗತಿಕ ತೈಲಬೆಲೆ ಕುಸಿದಿದ್ದ ಹೊತ್ತಿನಲ್ಲಿ, ಆದ್ದರಿಂದ ಸಹಾಯಧನ ಹೋದರೂ ಗ್ರಾಹಕರಿಗೆ ದೊಡ್ಡ ಏಟು ಬೀಳಲಿಲ್ಲ. ಎರಡು, ಮೊದಲು ಯಾರ ಖರ್ಚು ಕಡಿತವಾಗುತ್ತದೆ ಎಂಬುದು. ಕೀನ್ಯಾದ ಯುವಜನರು ತೆರಿಗೆಯ ದರಗಳನ್ನು ಮಾತ್ರ ಪ್ರಶ್ನಿಸಲಿಲ್ಲ, ಅಧಿಕಾರದಲ್ಲಿರುವವರ ಖರ್ಚುವೆಚ್ಚವನ್ನೂ ಪ್ರಶ್ನಿಸಿದರು. ಮಸೂದೆ ಬಿದ್ದ ಮೇಲೆ ಸರ್ಕಾರ ತನ್ನದೇ ಕಚೇರಿಗಳ ವೆಚ್ಚ ಕಡಿತವನ್ನು ಘೋಷಿಸಿತು. ಆ ಘೋಷಣೆ ಮಸೂದೆಗಿಂತ ಮುಂಚೆ ಬಂದಿದ್ದರೆ ಬೀದಿಯ ದನಿ ಬೇರೆಯಾಗಿರುತ್ತಿತ್ತು ಎಂದು ನಾನು ನಂಬುತ್ತೇನೆ.

ಒಡಂಬಡಿಕೆ

ಇಷ್ಟು ಹೊತ್ತು ಸರ್ಕಾರ ಮತ್ತು ಜನರ ನಡುವಿನ ಮಾತಾಯಿತು. ಮಧ್ಯದಲ್ಲಿ ವಿರೋಧ ಪಕ್ಷಗಳಿವೆ, ಪ್ರಾಂತ್ಯಗಳಿವೆ. ಇಪ್ಪತ್ತು ಮೂವತ್ತು ವರ್ಷ ಬಾಳಬೇಕಾದ ನೀತಿಗೆ ಮುಂದಿನ ಸರ್ಕಾರದ ಒಪ್ಪಿಗೆಯೂ ಇಂದೇ ಬೇಕಾಗುತ್ತದೆ.

ಪಿಂಚಣಿಯನ್ನೇ ತೆಗೆದುಕೊಳ್ಳಿ. ಫ್ರಾನ್ಸ್ 2023ರಲ್ಲಿ ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸಲು ಹೊರಟಾಗ, ಕೆಳಮನೆಯಲ್ಲಿ ಬಹುಮತ ಖಚಿತವಿಲ್ಲದೆ ಸಂವಿಧಾನದ 49.3ನೇ ವಿಧಿಯನ್ನು ಬಳಸಿ ಮತದಾನವಿಲ್ಲದೆ ಅಂಗೀಕಾರ ಪಡೆಯಿತು. ಅವಿಶ್ವಾಸ ನಿರ್ಣಯ ಕೇವಲ 9 ಮತಗಳಿಂದ ಬಿದ್ದುಹೋಯಿತು. ಕಾನೂನಿನ ಪ್ರಕಾರ ಎಲ್ಲವೂ ಸರಿಯೇ. ಆದರೆ 2024ರ ಚುನಾವಣೆಯ ನಂತರ ಯಾರಿಗೂ ಬಹುಮತವಿಲ್ಲದ ಸದನದಲ್ಲಿ ಬಾರ್ನಿಯೆ ಮತ್ತು ಬೈರೂ ಅವರ ಸರ್ಕಾರಗಳು ಒಂದರ ಹಿಂದೊಂದು ಉರುಳಿದವು, 2025ರ ಅಕ್ಟೋಬರ್‌ನಲ್ಲಿ ಪ್ರಧಾನಿ ಲೆಕೊರ್ನು ತಮ್ಮ ಸರ್ಕಾರ ಉಳಿಸಿಕೊಳ್ಳಲು ಅದೇ ಪಿಂಚಣಿ ಸುಧಾರಣೆಯನ್ನು 2027ರ ಅಧ್ಯಕ್ಷೀಯ ಚುನಾವಣೆಯವರೆಗೆ ಅಮಾನತಿನಲ್ಲಿಡಲು ಒಪ್ಪಬೇಕಾಯಿತು. ಸದನದಲ್ಲಿ ಉಳಿಸಿದ ಸಮಯವನ್ನು ಅವರು ಎರಡು ವರ್ಷಗಳ ನಂತರ ಬಡ್ಡಿಸಮೇತ ತೆತ್ತರು.

ಸ್ವೀಡನ್ ಇದೇ ಸಮಸ್ಯೆಗೆ ನಿಧಾನದ ದಾರಿ ಹಿಡಿಯಿತು. 1991ರಲ್ಲಿ ಎಲ್ಲ ಪಕ್ಷಗಳ ಕಾರ್ಯತಂಡ, 1994ರಲ್ಲಿ ಸೋಷಿಯಲ್ ಡೆಮಾಕ್ರಾಟರೂ ಅವರ ಎದುರಾಳಿಗಳಾದ ನಾಲ್ಕು ಪಕ್ಷಗಳೂ ಸೇರಿದ ತಾತ್ವಿಕ ಒಪ್ಪಂದ, 1998ರಲ್ಲಿ ಕಾನೂನು. ನಿಧಿಯ ಹೊಣೆ ಆಸ್ತಿಗಿಂತ ಹೆಚ್ಚಾದರೆ ಪಿಂಚಣಿಯ ಏರಿಕೆ ತಾನೇ ತಗ್ಗುವ ವ್ಯವಸ್ಥೆಯನ್ನು ಆಮೇಲೆ ಸೇರಿಸಲಾಯಿತು. 2010ರಲ್ಲಿ ಅದು ಮೊದಲ ಸಲ ಕೆಲಸಮಾಡಿ ಪಿಂಚಣಿಗಳು ನಿಜಕ್ಕೂ ಕಡಿಮೆಯಾದವು, ಅದು ಚುನಾವಣೆಯ ವರ್ಷವಾಗಿತ್ತು. ಪಕ್ಷಗಳು ಲೆಕ್ಕದ ವಿಧಾನವನ್ನು ಸ್ವಲ್ಪ ಸಡಿಲಿಸಿ ಏಟನ್ನು ಕೆಲವು ವರ್ಷಗಳಿಗೆ ಹರಡಿದವು, ಪಿಂಚಣಿದಾರರ ತೆರಿಗೆಯನ್ನೂ ಇಳಿಸಲಾಯಿತು. ವ್ಯವಸ್ಥೆಯನ್ನು ಮಾತ್ರ ಯಾರೂ ಕಿತ್ತುಹಾಕಲಿಲ್ಲ, ಏಕೆಂದರೆ ಅದನ್ನು ಕಿತ್ತುಹಾಕುವೆನೆಂದು ಹೇಳಬಲ್ಲ ದೊಡ್ಡ ಪಕ್ಷವೆಲ್ಲವೂ ಅದಕ್ಕೆ ಸಹಿ ಹಾಕಿದ್ದವು.

ಒಕ್ಕೂಟ ವ್ಯವಸ್ಥೆಗಳಲ್ಲಿ ಇದೇ ಮಾತು ಪ್ರಾಂತ್ಯಗಳಿಗೂ ಅನ್ವಯಿಸುತ್ತದೆ. ಭಾರತದಲ್ಲಿ 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದಾಗ ರಾಜ್ಯಗಳು ತಮ್ಮ ತೆರಿಗೆ ಅಧಿಕಾರದ ದೊಡ್ಡ ಭಾಗವನ್ನು ಬಿಟ್ಟುಕೊಟ್ಟವು. ಅದು ಸಾಧ್ಯವಾದದ್ದು, ವರ್ಷಕ್ಕೆ ಶೇಕಡಾ 14ರ ಬೆಳವಣಿಗೆಯ ಲೆಕ್ಕದಲ್ಲಿ ಐದು ವರ್ಷ ನಷ್ಟ ತುಂಬಿಕೊಡುವ ಭರವಸೆಯನ್ನು ಕಾನೂನಿನಲ್ಲೇ ಬರೆದಿದ್ದರಿಂದ. 2020ರಲ್ಲಿ ಸಾಂಕ್ರಾಮಿಕದಿಂದ ಆದಾಯ ಕುಸಿದು ಆ ಪರಿಹಾರ ತಡವಾದಾಗ ಕೇಂದ್ರ ಮತ್ತು ರಾಜ್ಯಗಳ ನಡುವೆ ಎದ್ದ ಕಹಿಯೂ ಅಷ್ಟೇ ಗಮನಾರ್ಹ. ಆದರೂ ರಾಜ್ಯಗಳ ಕೈಯಲ್ಲಿ ತೋರಿಸಲು ಒಂದು ಕಾನೂನಿತ್ತು.

ಸಾಕ್ಷಿಪ್ರಜ್ಞೆ

ಒಡಂಬಡಿಕೆ ಅವರು ಸ್ವೀಡನ್ನಿನ ಬಗ್ಗೆ ಹೇಳಿದ್ದಕ್ಕೆ ಒಂದು ತಕರಾರು. ಆ ಒಪ್ಪಂದ ಆದದ್ದು ಪಕ್ಷಗಳ ಪ್ರತಿನಿಧಿಗಳ ಸಣ್ಣ ಗುಂಪಿನೊಳಗೆ. ಕಾರ್ಮಿಕ ಸಂಘಟನೆಗಳು, ಪಿಂಚಣಿದಾರರ ಸಂಘಗಳು ಹೊರಗಿದ್ದವು. ಎಲ್ಲ ದೊಡ್ಡ ಪಕ್ಷಗಳೂ ಒಂದೇ ಕಡೆ ನಿಂತಾಗ ಒಪ್ಪದ ಮತದಾರ ಯಾರಿಗೆ ಮತ ಹಾಕಬೇಕು? ನೀತಿ ಗಟ್ಟಿಯಾಯಿತು ಎಂಬ ಸಂತೋಷದಲ್ಲಿ ಈ ಪ್ರಶ್ನೆಯನ್ನು ಮರೆಯುವುದು ನನಗೆ ಸರಿ ಕಾಣುವುದಿಲ್ಲ. ಐರ್ಲೆಂಡ್ ಗರ್ಭಪಾತದಂತಹ ದೇಶವನ್ನೇ ಸೀಳಬಹುದಾದ ವಿಷಯದಲ್ಲಿ ಮೊದಲು ಚೀಟಿ ಎತ್ತಿದಂತೆ ಆರಿಸಿದ 99 ಸಾಮಾನ್ಯ ಪ್ರಜೆಗಳ ಸಭೆಯನ್ನು ಕೂರಿಸಿ, ಅದರ ಶಿಫಾರಸನ್ನು ಸಂಸತ್ತಿನ ಸಮಿತಿಯಲ್ಲಿ ಚರ್ಚಿಸಿ, 2018ರ ಮೇ ತಿಂಗಳಲ್ಲಿ ಜನಮತಕ್ಕೆ ಹಾಕಿತು, ಶೇಕಡಾ 66.4 ಜನ ಒಪ್ಪಿದರು. ತೆರಿಗೆ, ಪಿಂಚಣಿಗಳಿಗೂ ಈ ವಿಧಾನ ಹೊಂದುವುದೇ ಎಂಬುದು ಬೇರೆ ಮಾತು, ಆದರೆ ಮುಚ್ಚಿದ ಕೋಣೆಯೊಂದೇ ದಾರಿಯಲ್ಲ.

ಒಡಂಬಡಿಕೆ

ತಕರಾರನ್ನು ಒಪ್ಪುತ್ತೇನೆ. ಒಂದು ವ್ಯತ್ಯಾಸ ಮಾತ್ರ ಹೇಳಬೇಕು. ಐರ್ಲೆಂಡಿನ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಸಾಕಿತ್ತು. ಪಿಂಚಣಿಯಲ್ಲಿ ಇಂದು ದುಡಿಯುವವರು, ಇಂದು ಪಡೆಯುವವರು, ಇನ್ನೂ ಮತದ ಹಕ್ಕೇ ಬಾರದ ಮಕ್ಕಳು, ಈ ಮೂವರ ನಡುವೆ ಹಂಚಿಕೆಯಾಗಬೇಕು, ಮೂರನೆಯವರು ಯಾವ ಜನಮತದಲ್ಲೂ ಇರುವುದಿಲ್ಲ. ಪ್ರಜೆಗಳ ಸಭೆಯಲ್ಲಿ ಅವರ ಪರವಾಗಿ ಯಾರನ್ನು ಕೂರಿಸುತ್ತೀರಿ ಎಂಬುದಕ್ಕೆ ನಿಮ್ಮಿಂದ ಉತ್ತರ ಬಯಸುತ್ತೇನೆ.

ನೇರನೋಟ

ಅಂಕಣಗಾರರ ಎಚ್ಚರಿಕೆಯನ್ನು ನಾನು ಪೂರ್ತಿಯಾಗಿ ತೆಗೆದುಕೊಳ್ಳುತ್ತೇನೆ. ಶ್ರೀಲಂಕಾದ ತೆರಿಗೆ ಕಡಿತ ಮತ್ತು ಇರಾನಿನ ಮುಂಗಡ ಜಮೆ ಎರಡೂ ಹಣ ಮೊದಲು ಎಂಬ ಕ್ರಮವನ್ನೇ ಪಾಲಿಸಿದವು ನಿಜ, ಆದರೆ ಎರಡನೆಯದರಲ್ಲಿ ಆ ಹಣಕ್ಕೆ ಪ್ರತಿಯಾಗಿ ಬೆಲೆ ಏರಲಿದೆ ಎಂಬುದನ್ನು ಮೊದಲೇ ಹೇಳಲಾಗಿತ್ತು. ಮೊದಲು ಕೊಡುವುದರ ಜೊತೆಗೆ ಆಮೇಲೆ ಕೇಳಲಿರುವುದನ್ನೂ ಅದೇ ದಿನ ಹೇಳಬೇಕು ಎಂಬ ಷರತ್ತನ್ನು ನನ್ನ ಮಾತಿಗೆ ಸೇರಿಸಿಕೊಳ್ಳಿ.

ಇನ್ನೊಂದು ಸಂಗತಿಯನ್ನು ಇಲ್ಲಿ ಯಾರೂ ಎತ್ತಲಿಲ್ಲ, ಮತ್ತು ನನ್ನನ್ನು ಹೆಚ್ಚು ಕಾಡುವುದು ಅದೇ. ಇರಾನಿನ ಆ 4,55,000 ರಿಯಾಲ್ 2010ರಲ್ಲಿ ಸುಮಾರು 45 ಡಾಲರಿಗೆ ಸಮವಾಗಿತ್ತು, ಬಡ ಕುಟುಂಬಕ್ಕೆ ಅದು ನಿಜವಾದ ಆಸರೆಯಾಗಿತ್ತು. ನಿರ್ಬಂಧಗಳು, ಹಣದುಬ್ಬರ, ರಿಯಾಲ್ ಕುಸಿತ ಎಲ್ಲ ಸೇರಿ 2019ರ ಹೊತ್ತಿಗೆ ಅದರ ಬೆಲೆ ಕೆಲವೇ ಡಾಲರುಗಳಿಗೆ ಇಳಿದಿತ್ತು, ಮೊತ್ತವನ್ನು ಮಾತ್ರ ಏರಿಸಿರಲಿಲ್ಲ. ಅಂದರೆ 2019ರ ನವೆಂಬರ್‌ನಲ್ಲಿ ಸರ್ಕಾರ ಮತ್ತೆ ಹಣ ಕೊಡುತ್ತೇವೆ ಎಂದಾಗ, ಹಿಂದಿನ ಭರವಸೆ ಒಂಬತ್ತು ವರ್ಷಗಳಲ್ಲಿ ಏನಾಯಿತು ಎಂಬುದು ಪ್ರತಿ ಮನೆಗೂ ಗೊತ್ತಿತ್ತು. ಸಾಕ್ಷಿಪ್ರಜ್ಞೆ ಅವರು ನಂಬಿಕೆಯ ಬಗ್ಗೆ ಬರೆದದ್ದನ್ನು ಓದುವಾಗ ನನಗೆ ಇದೇ ನೆನಪಾಯಿತು.

ಪರಿಹಾರವನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸುವ ನಿಯಮವನ್ನು ಮೊದಲ ದಿನವೇ ಕಾನೂನಿನಲ್ಲಿ ಬರೆಯಬೇಕೇ, ಅಥವಾ ಸರ್ಕಾರದ ವಿವೇಚನೆಗೆ ಬಿಡಬೇಕೇ? ಬರೆದರೆ ಖಜಾನೆಗೆ ಶಾಶ್ವತ ಹೊರೆ. ಬರೆಯದಿದ್ದರೆ ಪರಿಹಾರ ಸವೆದು, ಭಾರವೊಂದೇ ಉಳಿಯುತ್ತದೆ. ಸ್ವೀಡನ್ನಿನ ಪಿಂಚಣಿಯಲ್ಲಿ ಏರಿಳಿತದ ನಿಯಮ ಕಾನೂನಿನಲ್ಲೇ ಇದ್ದುದರಿಂದ ಪ್ರತಿ ವರ್ಷ ಯಾರನ್ನೂ ಬೇಡಬೇಕಾಗಲಿಲ್ಲ ಎಂಬ ಕಾರಣಕ್ಕೆ ನಾನು ಬರೆಯುವುದರ ಪರವಾಗಿದ್ದೇನೆ. ಕಡತಪ್ರಿಯ ಅವರೇ, ಪಟ್ಟಿಗಳನ್ನೂ ಮೊತ್ತಗಳನ್ನೂ ಹತ್ತಿರದಿಂದ ಕಂಡವರು ನೀವು. ವರ್ಷಕ್ಕೊಮ್ಮೆ ಮೊತ್ತವನ್ನೂ ಪಟ್ಟಿಯನ್ನೂ ಒಟ್ಟಿಗೆ ಪರಿಷ್ಕರಿಸಲು ಒಂದು ಇಲಾಖೆಗೆ ಎಷ್ಟು ಸಿಬ್ಬಂದಿ, ಎಂತಹ ಸಿದ್ಧತೆ ಬೇಕಾಗುತ್ತದೆ ಎಂಬುದನ್ನು ನೀವು ಬರೆದರೆ ಚರ್ಚೆಯನ್ನು ಅಲ್ಲಿಂದ ಮುಂದುವರಿಸಬಹುದು.